ಟಿಪ್ಸ್‌ಗೆ ‘ಫುಲ್ ಫಾರ್ಮ್’ ಇಲ್ಲ

ಪ್ರಶ್ನೆ: ಹೋಟೆಲ್‌ನಲ್ಲಿ ಸಪ್ಲೈಯರ್‌ಗೆ ಕೊಡುವ ಟಿಪ್ಸ್, ಪರೀಕ್ಷೆಗೆ ಮೇಷ್ಟ್ರು ಕೊಡುವ ಟಿಪ್ಸ್, ಜಲ್ಲಿ ತರುವ ಟಿಪ್ಪರ್ ಲಾರಿ ಎಲ್ಲ ಒಂದೇ ಪದವೇ? ಟಿಪ್ ಎಂದರೆ ‘ಟು ಇನ್ಶೂರ್ ಪ್ರಾಂಪ್ಟ್‌ನೆಸ್’ (ಕೆಲಸ ಬೇಗ ಆಗುವಂತೆ ಖಾತ್ರಿಪಡಿಸಲು) ಎಂಬುದರ ಮೊದಲಕ್ಷರಗಳಂತೆ, ನಿಜವೇ?

ಎರಡನೆಯದಕ್ಕೇ ಮೊದಲು ಉತ್ತರ: ನಿಜವಲ್ಲ. ಎಷ್ಟು ಸಲ ಬರೆದರೂ ಆ ಕತೆ ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಹಳೆಯ ಲಂಡನ್ನಿನ ಕಾಫಿ ಹೌಸು, ಅಲ್ಲೊಂದು ಡಬ್ಬಿ, ಅದರ ಮೇಲೆ ಈ ಮೂರು ಪದ, ಕಾಸು ಹಾಕಿದವರಿಗೆ ಬೇಗ ಕಾಫಿ.

‘ಟಿಪ್’ ಮೊದಲು ಹುಟ್ಟಿದ್ದೇ ಕ್ರಿಯಾಪದವಾಗಿ. 17ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಳ್ಳರು, ಭಿಕ್ಷುಕರ ಗುಪ್ತಭಾಷೆಯಲ್ಲಿ ಅದಕ್ಕೆ ‘ಕೊಡು, ದಾಟಿಸು’ ಎಂದರ್ಥ. 1707ರಲ್ಲಿ ಲಂಡನ್ನಿನಲ್ಲಿ ಆಡಿದ ಜಾರ್ಜ್ ಫರ್ಕರ್‌ನ ನಾಟಕದಲ್ಲಿ ಒಂದು ಪಾತ್ರ, ಚರ್ಚಿನ ಸೇವಕನಿಗೆ ಅರ್ಧ ಕ್ರೌನ್ ನಾಣ್ಯ ‘ಟಿಪ್’ ಮಾಡಿದೆ ಎನ್ನುತ್ತದೆ. ಕೊಟ್ಟ ಹಣವನ್ನೇ ಟಿಪ್ ಎಂದು ಕರೆದದ್ದು ಆಮೇಲೆ. ಡಬ್ಬಿಯ ಮೇಲಿನ ಬರಹದಿಂದ ಪದ ಹುಟ್ಟಿದ್ದರೆ ಈ ಕ್ರಮ ತಿರುವುಮುರುವಾಗಿರಬೇಕಿತ್ತು. ಮೊದಲಕ್ಷರ ಜೋಡಿಸಿ ಪದ ಕಟ್ಟುವ ಚಾಳಿ ಬಲಿತದ್ದು 20ನೇ ಶತಮಾನದಲ್ಲಿ, ರೇಡಾರ್ ಅಂಥದ್ದು. ಅಂಥ ಪದಗಳಿಗೆ ಇರುವ ‘ಅಕ್ರೊನಿಮ್’ ಎಂಬ ಹೆಸರೇ ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಕೆಲವರು ‘ಇನ್ಶೂರ್ (ವಿಮೆ ಮಾಡಿಸು) ತಪ್ಪು, ಎನ್ಶೂರ್ (ಖಾತ್ರಿಪಡಿಸು) ಆಗಬೇಕಿತ್ತು, ಆಗ ಅದು ಟೆಪ್ ಆಗುತ್ತಿತ್ತು’ ಎಂದು ವಾದಿಸುತ್ತಾರೆ. ದಯವಿಟ್ಟು ಆ ವಾದ ಬೇಡ. ಆ ಕಾಲದಲ್ಲಿ ಎರಡು ಕಾಗುಣಿತವೂ ನಡೆಯುತ್ತಿದ್ದವು. ಸರಿಯಾದ ತೀರ್ಮಾನಕ್ಕೂ ಸರಿಯಾದ ಸಾಕ್ಷಿಯೇ ಬೇಕು.

‘ನ್ಯೂಸ್ ಎಂದರೆ ನಾಲ್ಕು ದಿಕ್ಕು’ (ನಾರ್ತ್, ಈಸ್ಟ್, ವೆಸ್ಟ್, ಸೌತ್‌ಗಳ ಮೊದಲಕ್ಷರ) ಎಂಬುದೂ ಇದೇ ಜಾತಿಯದು. ಅದು ‘ನ್ಯೂ’ ಪದದ ಬಹುವಚನ, ಹೊಸ ಸಂಗತಿಗಳು ಎಂದಷ್ಟೇ.

ಇನ್ನು ಮೊದಲ ಪ್ರಶ್ನೆ. ಪರೀಕ್ಷೆಯ ಟಿಪ್ಸು ‘ಕೊಡು’ ಎಂಬ ಅರ್ಥದ ಕಡೆಯದು. ಗುಟ್ಟಾಗಿ ಸನ್ನೆ ಕೊಡುವುದಕ್ಕೂ ಟಿಪ್ ಎನ್ನುತ್ತಿದ್ದರು, 19ನೇ ಶತಮಾನದಲ್ಲಿ ಅದು ಕುದುರೆ ರೇಸಿನ ಸುಳಿವಾಯಿತು. ಬೆಂಗಳೂರಿನ ರೇಸ್ ಕೋರ್ಸ್‌ಗೆ ಹೋಗುವವರ ಬಾಯಲ್ಲಿ ಈಗಲೂ ಅದೇ ಅರ್ಥ. ಟಿಪ್ಪರ್ ಬೇರೆ: ಅಲ್ಲಿ ಟಿಪ್ ಎಂದರೆ ವಾಲಿಸಿ ಸುರಿ. ಪೆನ್ನಿನ ಟಿಪ್ ಮೂರನೆಯದು, ತುದಿ.

ಇಲ್ಲಿ ಯಾರೂ ಕೇಳದ ಒಂದು ಮಾತು: ಟಿಪ್ಸ್‌ಗೆ ನಮ್ಮಲ್ಲಿದ್ದ ಹಳೆಯ ಪದ ‘ಭಕ್ಷೀಸು’. ಅದು ಪರ್ಷಿಯನ್ ಭಾಷೆಯಿಂದ ಬಂತು, ಅಲ್ಲೂ ಮೂಲ ಕ್ರಿಯಾಪದದ ಅರ್ಥ ‘ಕೊಡು’. ಫ್ರೆಂಚರು ಈ ಹಣಕ್ಕೆ ‘ಕುಡಿಯಲಿಕ್ಕೆ’ ಎನ್ನುತ್ತಾರೆ, ಜರ್ಮನರು ‘ಕುಡಿತದ ಹಣ’ ಎನ್ನುತ್ತಾರೆ. ಇಂಗ್ಲಿಷರೂ ಹಿಂದೆ ‘ಡ್ರಿಂಕ್ ಮನಿ’ ಎಂದೇ ಹೇಳುತ್ತಿದ್ದರು. ಸಾಮಾನು ಇಳಿಸಿದವರು ನಮ್ಮಲ್ಲಿ ಕೇಳುವುದು ‘ಕಾಫಿಗೆ ಏನಾದ್ರೂ ಕೊಡಿ ಸಾರ್’ ಎಂದು.