ಐದು ಕಾರು, ಒಂದೇ ಅಂಕಿ: 280ರ ಕತೆ

1990ರ ದಶಕದ ಐದು ಜಪಾನಿ ಸ್ಪೋರ್ಟ್ಸ್ ಕಾರುಗಳನ್ನು ತೆಗೆದುಕೊಳ್ಳೋಣ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್: 2.6 ಲೀಟರ್, ಸಾಲಾಗಿ ನಿಂತ ಆರು ಸಿಲಿಂಡರ್, ಎರಡು ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬಿ ಶಕ್ತಿ ಏರಿಸುವ ಸಾಧನ). ಟೊಯೊಟಾ ಸುಪ್ರಾ: 3 ಲೀಟರ್, ಅದಕ್ಕೂ ಎರಡು ಟರ್ಬೊ. ಹೋಂಡಾ ಎನ್‌ಎಸ್‌ಎಕ್ಸ್: 3 ಲೀಟರ್ ವಿ6, ಟರ್ಬೊನೇ ಇಲ್ಲ. ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್: ಬರೀ 2 ಲೀಟರ್, ನಾಲ್ಕು ಸಿಲಿಂಡರ್. ಮಾಜ್ದಾ ಆರ್‌ಎಕ್ಸ್-7: ಪಿಸ್ಟನ್ನೇ ಇಲ್ಲದ 1.3 ಲೀಟರ್ ರೋಟರಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಆದರೆ ದಶಕದ ಕೊನೆಯ ಹೊತ್ತಿಗೆ ಜಪಾನಿನ ಬ್ರೋಷರ್‌ಗಳಲ್ಲಿ ಐದಕ್ಕೂ ಬರೆದಿದ್ದ ಗರಿಷ್ಠ ಶಕ್ತಿ ಒಂದೇ: 280 ಎಚ್‌ಪಿ.

ಐದು ಹುಡುಗರಿಗೆ ಒಂದೇ ಮಾರ್ಕ್ಸ್ ಬಂದರೆ ಮೇಷ್ಟ್ರು ಸುಮ್ಮನಿರುತ್ತಾರಾ?

ಇದು ಕಾಕತಾಳೀಯ ಅಲ್ಲ. ಕಾನೂನೂ ಅಲ್ಲ. ಜಪಾನಿನ ಕಾರು ಕಂಪನಿಗಳು ತಮಗೆ ತಾವೇ ಹಾಕಿಕೊಂಡ ಗೆರೆ.

ಅಲ್ಲಿ 1970ರಲ್ಲಿ ರಸ್ತೆ ಅಪಘಾತಗಳಲ್ಲಿ 16,000ಕ್ಕೂ ಹೆಚ್ಚು ಜನ ಸತ್ತಿದ್ದರು. ಪತ್ರಿಕೆಗಳು ಅದನ್ನು ‘ಸಂಚಾರ ಯುದ್ಧ’ ಎಂದೇ ಕರೆದವು. ಆಮೇಲೆ ಸಂಖ್ಯೆ ಇಳಿಯಿತು. ಆದರೆ 1988ರಲ್ಲಿ ಮತ್ತೆ 10,000 ದಾಟಿತು. ಅದೇ ಹೊತ್ತಿಗೆ ಕಂಪನಿಗಳ ನಡುವೆ ಎಚ್‌ಪಿ ಪೈಪೋಟಿ ಜೋರಾಗಿ ನಡೆದಿತ್ತು. 1989ರಲ್ಲಿ ತೆರಿಗೆಯೂ ಬದಲಾಯಿತು. ಅದುವರೆಗೆ 2 ಲೀಟರ್ ಮೀರಿದ ಎಂಜಿನ್‌ಗೆ ವರ್ಷದ ತೆರಿಗೆ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ನಮ್ಮಲ್ಲಿ 4 ಮೀಟರ್ ಒಳಗಿದ್ದರೆ ತೆರಿಗೆ ಕಡಿಮೆ ಅಂತ ಡಿಕ್ಕಿ ಮೊಟಕಾದ ಸೆಡಾನ್‌ಗಳು ಬಂದವಲ್ಲ, ಹಾಗೆ ಅಲ್ಲಿ 2 ಲೀಟರ್ ಒಳಗೇ ಟರ್ಬೊ ತುರುಕುವ ಕಲೆ ಬೆಳೆದಿತ್ತು. ಆ ತೆರಿಗೆ ಇಳಿದಾಗ ದೊಡ್ಡ ಎಂಜಿನ್‌ಗಳಿಗೂ ದಾರಿಯಾಯಿತು. ಸಾರಿಗೆ ಸಚಿವಾಲಯಕ್ಕೆ ತಲೆಬಿಸಿ ಶುರುವಾಯಿತು.

ಆ ವರ್ಷ ಬಂದ ನಿಸ್ಸಾನ್ ಫೇರ್‌ಲೇಡಿ ಝಡ್‌ನ ಶಕ್ತಿ 280. ಅಮೆರಿಕದಲ್ಲಿ ಅದೇ ಕಾರು 300 ಎಚ್‌ಪಿ ಅಂತ ಮಾರಾಟವಾಯಿತು. ಅಂದರೆ ಎಂಜಿನ್‌ಗೆ ತಾಕತ್ತಿತ್ತು, ತವರಿನಲ್ಲಿ ಅಪ್ಪಣೆ ಇರಲಿಲ್ಲ. ಅಲ್ಲಿಂದ ಮುಂದೆ 280 ಎಂಬುದೇ ಎಲ್ಲರೂ ಒಪ್ಪಿದ ಮಿತಿ. ಗಂಟೆಗೆ 180 ಕಿ.ಮೀ. ಆದಕೂಡಲೇ ವೇಗ ಕತ್ತರಿಸುವ ಲಿಮಿಟರ್ ಅದಕ್ಕಿಂತ ಮೊದಲೇ ಬಂದಿತ್ತು.

ಎಂಜಿನಿಯರ್ ಕೈ ಕಟ್ಟಿಹಾಕಿದರೆ ಅವನು ಸುಮ್ಮನೆ ಕೂರುವುದಿಲ್ಲ. ಬೇರೆ ಬಾಗಿಲು ಹುಡುಕುತ್ತಾನೆ. ನನಗಂತೂ ಈ ಕತೆಯಲ್ಲಿ ಸ್ವಾರಸ್ಯ ಇರುವುದು ಅಲ್ಲೇ.

ಮೊದಲ ಬಾಗಿಲು ಟಾರ್ಕ್. ಎಚ್‌ಪಿ ಅಂದರೆ ಎಂಜಿನ್ ತಿರುಚುವ ಬಲ, ಅಂದರೆ ಟಾರ್ಕ್, ಮತ್ತು ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎನ್ನುವುದರ ಗುಣಾಕಾರ. ಬ್ರೋಷರ್‌ನಲ್ಲಿ ಬರೆಯುವುದು ಆ ಗುಣಾಕಾರದ ತುತ್ತತುದಿಯನ್ನು ಮಾತ್ರ. ತುದಿಯನ್ನು 280ಕ್ಕೆ ಸವರಿ, ನಡುವಿನ ಸುತ್ತುಗಳಲ್ಲಿ ಬಲ ತುಂಬಿದರೆ ಯಾರೂ ಕೇಳುವುದಿಲ್ಲ. ಲ್ಯಾನ್ಸರ್ ಎವೊಲ್ಯೂಷನ್ ನೋಡಿ. 1992ರ ಮೊದಲ ಕಾರಿಗೆ 250 ಎಚ್‌ಪಿ. ಮುಂದಿನದಕ್ಕೆ 260, ಮೂರನೆಯದಕ್ಕೆ 270. 1996ರ ನಾಲ್ಕನೆಯದು 280 ಮುಟ್ಟಿತು, ಅಲ್ಲೇ ನಿಂತಿತು. ಟಾರ್ಕ್ ನಿಲ್ಲಲಿಲ್ಲ. ನಾಲ್ಕನೆಯದರಲ್ಲಿ 36 ಕೆಜಿ-ಮೀಟರ್ ಇದ್ದದ್ದು 2003ರ ಎಂಟನೆಯದರಲ್ಲಿ 40 ಆಗಿತ್ತು. ಎಚ್‌ಪಿ ಮಾತ್ರ ಅದೇ 280. ಘಾಟಿ ಹತ್ತುವಾಗ ತಿರುವಿನಿಂದ ಆಚೆ ಬರುತ್ತಿದ್ದಂತೆ ಕಾರು ಬೆನ್ನಿಗೆ ಒದ್ದ ಹಾಗೆ ಎಳೆಯುತ್ತದಲ್ಲ, ಆ ಎಳೆತ ಬರುವುದು ಈ ನಡುವಿನ ಬಲದಿಂದ. ಅದೇ ನಾಲ್ಕನೆಯ ಕಾರಿನಲ್ಲಿ ತಿರುವಿಗೆ ತಕ್ಕಂತೆ ಹಿಂದಿನ ಎಡ-ಬಲ ಚಕ್ರಗಳಿಗೆ ಬಲವನ್ನು ಬೇರೆ ಬೇರೆಯಾಗಿ ಹಂಚುವ ವ್ಯವಸ್ಥೆಯೂ ಬಂತು.

ಎಲ್ಲವನ್ನೂ ಈ ಮಿತಿಯ ತಲೆಗೆ ಕಟ್ಟುವುದು ತಪ್ಪು. ಎವೊಲ್ಯೂಷನ್ ಹುಟ್ಟಿದ್ದೇ ವಿಶ್ವ ರ್‍ಯಾಲಿಗಾಗಿ. ಜಿಟಿ-ಆರ್‌ನ ಎಂಜಿನ್ ಅಳತೆ ನಿರ್ಧಾರವಾದದ್ದೂ ರೇಸ್ ನಿಯಮದಿಂದ. ಶೋರೂಮ್ ಕಾರುಗಳನ್ನೇ ಆಧರಿಸಿದ ‘ಗ್ರೂಪ್ ಎ’ ರೇಸಿನಲ್ಲಿ ಟರ್ಬೊ ಎಂಜಿನ್ನಿನ ಅಳತೆಯನ್ನು 1.7ರಿಂದ ಗುಣಿಸುತ್ತಿದ್ದರು. 2,568 ಸಿಸಿಯನ್ನು ಗುಣಿಸಿದರೆ 4,366. ಅಂದರೆ 4,500 ಸಿಸಿ ವರ್ಗದೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ! ರೇಸಿಗೆ ಇಳಿದಾಗ ಅದೇ ಎಂಜಿನ್ 500 ಎಚ್‌ಪಿಗಿಂತ ಜಾಸ್ತಿ ಕೊಟ್ಟಿತು. ಸಾಮಾನ್ಯವಾಗಿ ಹಿಂದಿನ ಚಕ್ರಗಳಿಂದಲೇ ಓಡುವ ಕಾರು, ಹಿಡಿತ ತಪ್ಪುವ ಹೊತ್ತಿಗೆ ಅರ್ಧದಷ್ಟು ಬಲವನ್ನು ಮುಂದಿನ ಚಕ್ರಗಳಿಗೆ ಕಳಿಸುತ್ತಿತ್ತು. ಜಪಾನಿನ ಟೂರಿಂಗ್ ಕಾರ್ ಸರಣಿಯಲ್ಲಿ 1990ರಿಂದ 1993ರವರೆಗೆ 29 ರೇಸ್, 29 ಗೆಲುವು. ಆಸ್ಟ್ರೇಲಿಯಾದವರು ಅದಕ್ಕೆ ‘ಗಾಡ್ಜಿಲ್ಲಾ’ ಅಂತ ಹೆಸರಿಟ್ಟರು. ಶೋರೂಮಿನ ಕಾಗದದಲ್ಲಿ ಮಾತ್ರ 280.

ಹೋಂಡಾ ತೂಕದ ದಾರಿ ಹಿಡಿಯಿತು. 1990ರ ಎನ್‌ಎಸ್‌ಎಕ್ಸ್‌ಗೆ ಪೂರ್ತಿ ಅಲ್ಯೂಮಿನಿಯಂ ಒಡಲು, ಟೈಟೇನಿಯಂ ಕನೆಕ್ಟಿಂಗ್ ರಾಡ್, ನಿಮಿಷಕ್ಕೆ 8,000 ಸುತ್ತು ತಿರುಗುವ, ಸುತ್ತಿಗೆ ತಕ್ಕಂತೆ ವಾಲ್ವ್‌ಗಳ ಚಲನೆ ಬದಲಿಸುವ ವಿಟೆಕ್ ಎಂಜಿನ್. (2000ದ ಆಸುಪಾಸಿನಲ್ಲಿ ನಮ್ಮ ರಸ್ತೆಗಳಲ್ಲಿ ಹೋಂಡಾ ಸಿಟಿ ವಿಟೆಕ್ ಕಂಡರೆ ಕಾಲೇಜು ಹುಡುಗರು ಕತ್ತು ತಿರುಗಿಸುತ್ತಿದ್ದರಲ್ಲ, ಆ ಹೆಸರಿನ ದೊಡ್ಡಣ್ಣ ಇದು.) ಎನ್‌ಎಸ್‌ಎಕ್ಸ್‌ನದೇ 1992ರ ಟೈಪ್ ಆರ್ ರೂಪದಲ್ಲಿ ಎಚ್‌ಪಿಗೆ ಕೈ ಹಾಕಲಿಲ್ಲ, ಸುಮಾರು 120 ಕೆಜಿ ಇಳಿಸಿದರು. 1997ರಲ್ಲಿ ಎಂಜಿನ್ 3.2 ಲೀಟರ್ ಆಯಿತು. ಶಕ್ತಿ? ಮತ್ತೆ 280.

ಸುಪ್ರಾದ ಕತೆಯಲ್ಲಿ ಬೇರೊಂದು ತಿರುವು ಇದೆ. ಜಪಾನಿನಲ್ಲಿ ಮಾರಿದ ಕಾರಿನ ಟರ್ಬೊ ಒಳಗಿನ ಚಕ್ರ ಸೆರಾಮಿಕ್‌ನದು. ಹಗುರ, ಬೇಗ ತಿರುಗುತ್ತದೆ. ಆದರೆ ಒತ್ತಡ ಏರಿಸಿದರೆ ಒಡೆದು ಹೋಗುತ್ತದೆ. ಅಮೆರಿಕಕ್ಕೆ ಹೋದ ಕಾರಿಗೆ ಉಕ್ಕಿನ ಚಕ್ರ, ದೊಡ್ಡ ಇಂಜೆಕ್ಟರ್, 320 ಎಚ್‌ಪಿ. ಎರಕದ ಕಬ್ಬಿಣದ ಬ್ಲಾಕ್ ಮಾತ್ರ ಎರಡಕ್ಕೂ ಒಂದೇ. ಅದೆಷ್ಟು ಗಟ್ಟಿಮುಟ್ಟೆಂದರೆ, ದೊಡ್ಡ ಟರ್ಬೊ ಕೂರಿಸಿದವರು 1,000 ಎಚ್‌ಪಿ ದಾಟಿಸಿದರು. ಮಿತಿ ಇದ್ದ ಕಾಲದಲ್ಲೇ ಇಂಥ ಎಂಜಿನ್ ಹುಟ್ಟಿದ್ದು ವಿಚಿತ್ರ ಅಲ್ವಾ?

ಹೀಗೆ 280 ಬರೀ ಕಾಗದದ ಅಂಕಿ ಎನ್ನುವುದು ಬರಬರುತ್ತಾ ಗುಟ್ಟಾಗಿ ಉಳಿಯಲಿಲ್ಲ. ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಹತ್ತಿಸಿದರೆ ಜಿಟಿ-ಆರ್ 300 ದಾಟುತ್ತಿತ್ತು. ನಂಬುವವರು ಯಾರೂ ಇಲ್ಲದ ಅಂಕಿಯನ್ನು ಎಲ್ಲರೂ ಅಚ್ಚು ಹಾಕಿಸುತ್ತಿದ್ದರು. ಯುರೋಪಿನ ಕಾರುಗಳು ಜಪಾನಿಗೇ ಬಂದು 300, 400 ಎಂದು ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಅವಕ್ಕೆ ಈ ಗೆರೆ ಇರಲಿಲ್ಲ. 2003ರ ಹೊತ್ತಿಗೆ ರಸ್ತೆ ಸಾವುಗಳು 8,000ದ ಕೆಳಗೆ ಇಳಿದಿದ್ದವು. ಎಚ್‌ಪಿಗೂ ಸಾವಿಗೂ ನೇರ ನಂಟಿಲ್ಲ ಎಂದು ಕಂಪನಿಗಳ ಸಂಘ ವಾದಿಸಿತು. 2004ರಲ್ಲಿ ಮಿತಿ ಹೋಯಿತು. ಮೊದಲು ದಾಟಿದ್ದು ಯಾವ ಸ್ಪೋರ್ಟ್ಸ್ ಕಾರೂ ಅಲ್ಲ. ಸೂಟು ತೊಟ್ಟವರು ಓಡಾಡುವ ಸೆಡಾನ್, 300 ಎಚ್‌ಪಿಯ ಹೋಂಡಾ ಲೆಜೆಂಡ್!

ಆ ಹೊತ್ತಿಗೆ ಸುಪ್ರಾ, ಆರ್‌ಎಕ್ಸ್-7, ಹಳೆಯ ಜಿಟಿ-ಆರ್ ಮೂರೂ ನಿಂತುಹೋಗಿದ್ದವು. 2007ರಲ್ಲಿ ಹೊಸ ಜಿಟಿ-ಆರ್ 480 ಎಚ್‌ಪಿ ಹೊತ್ತು ಬಂತು. 180ರ ಲಿಮಿಟರ್ ಅದಕ್ಕೂ ಇತ್ತು. ಆದರೆ ರೇಸ್ ಟ್ರ್ಯಾಕಿಗೆ ಹೋದಾಗ ಅದರ ಜಿಪಿಎಸ್ ಜಾಗ ಗುರುತಿಸಿ, ಲಿಮಿಟರ್ ತೆಗೆಯಲು ಬಿಡುತ್ತಿತ್ತು.

ಇನ್ನೊಂದು ಗೆರೆ ಮಾತ್ರ ಅಳಿಸಿಲ್ಲ. 660 ಸಿಸಿಯ ಪುಟ್ಟ ‘ಕೇ’ ಕಾರುಗಳಿಗೆ ಕಂಪನಿಗಳು ಹಾಕಿಕೊಂಡ ಮಿತಿ 64 ಎಚ್‌ಪಿ. 1987ರಲ್ಲಿ ಆ ಅಂಕಿಯನ್ನು ಮೊದಲು ಮುಟ್ಟಿದ್ದು ಸುಝುಕಿ ಆಲ್ಟೊ ವರ್ಕ್ಸ್. ಹೌದು, ನಮ್ಮ ಬೀದಿಬೀದಿಯ ಆಲ್ಟೊ ಹೆಸರೇ. 2015ರಲ್ಲಿ ಎಂಜಿನ್ನನ್ನು ಸೀಟಿನ ಹಿಂದೆ ಕೂರಿಸಿಕೊಂಡು ಬಂದ ಹೋಂಡಾ ಎಸ್660 ಕೂಡ ಬ್ರೋಷರ್‌ನಲ್ಲಿ ಬರೆದುಕೊಂಡದ್ದು 64.