ಪದ ಪರಿಚಯ: ಏರ್ ಫಿಲ್ಟರ್

ಕಾರಿನ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ ಅಂತ ನಮಗೆಲ್ಲ ಗೊತ್ತು. ಆದರೆ ಅದು ಗಾಳಿ ಎಳೆದುಕೊಳ್ಳುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ, ಒಂದು ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9,000 ಲೀಟರ್ ಗಾಳಿ! ಅದರ ಜೊತೆ ಬರುವ ಧೂಳನ್ನು ತಡೆಯಲು ಇಟ್ಟಿರುವ, ಮಡಿಕೆ ಮಡಿಕೆಯಾದ ಕಾಗದದ ಶೋಧಕವೇ ಏರ್ ಫಿಲ್ಟರ್. ಎಸಿ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಬೇರೆ.

ಧೂಳಿನಲ್ಲಿರುವ ಮರಳಿನ ಕಣ ತುಂಬಾ ಗಟ್ಟಿ. ಒಳಗೆ ಹೋದರೆ ಆಯಿಲ್ ಜೊತೆ ಬೆರೆತು ಎಂಜಿನ್ನಿನೊಳಗೆ ಹಿಂದೆಮುಂದೆ ಓಡಾಡುವ ಪಿಸ್ಟನ್ನಿನ ರಿಂಗು, ಅದು ಓಡಾಡುವ ಸಿಲಿಂಡರಿನ ಗೋಡೆ ಎರಡನ್ನೂ ಉಜ್ಜಿ ಸವೆಸುತ್ತದೆ. ಆಮೇಲೆ ಎಂಜಿನ್ ಆಯಿಲ್ ಸುಡಲು ಶುರುವಾಗುತ್ತದೆ, ನೀಲಿ ಹೊಗೆ ಬರುತ್ತದೆ.

ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಅನ್ನುವ ಮಾತು ಹಳೇ ಕಾರ್ಬ್ಯುರೇಟರ್ (ಕಂಪ್ಯೂಟರ್ ಇಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಭಾಗ) ಕಾಲದ್ದು. ಈಗಿನ ಪೆಟ್ರೋಲ್ ಕಾರುಗಳಲ್ಲಿ ಗಾಳಿ ಕಡಿಮೆಯಾದರೆ ಕಂಪ್ಯೂಟರ್ ಇಂಧನವನ್ನೂ ಕಡಿಮೆ ಮಾಡುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷೆ ಮಾಡಿದಾಗಲೂ ಕಂಡದ್ದು ಇದೇ: ಕಟ್ಟಿಕೊಂಡ ಫಿಲ್ಟರಿನಿಂದ ಮೈಲೇಜ್ ಅಷ್ಟೇನೂ ಬದಲಾಗಲಿಲ್ಲ, ಪಿಕಪ್ ಮಾತ್ರ ಕುಗ್ಗಿತು.

ಇನ್ನೊಂದು ವಿಚಿತ್ರ. ಸ್ವಲ್ಪ ಧೂಳು ಹಿಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಕೂತ ಧೂಳೇ ಕಾಗದದ ರಂಧ್ರಗಳನ್ನು ಇನ್ನಷ್ಟು ಸಣ್ಣದು ಮಾಡುತ್ತದಲ್ವಾ! ಹಾಗಾಗಿ ಬಣ್ಣ ಮಾಸಿದೆ ಅಂತ ಸುಮ್ನೆ ಎಸೆಯಬೇಡಿ. ಪದೇಪದೇ ಬಿಚ್ಚಿ ನೋಡುವುದೂ ಬೇಡ, ಬಿಚ್ಚಿದಾಗಲೆಲ್ಲ ಕಸ ಒಳಗೆ ಬೀಳುವ ಸಂಭವ ಇದೆ. ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಕಿಲೋಮೀಟರಿಗೆ ಬದಲಿಸಿದರೆ ಸಾಕು. ಮಣ್ಣುದಾರಿಯಲ್ಲಿ ಓಡಾಟ ಜಾಸ್ತಿಯಿದ್ದರೆ ಇನ್ನೂ ಬೇಗ. ಹರಿದಿದ್ದರೆ, ಒದ್ದೆಯಾಗಿದ್ದರೆ, ಆಯಿಲ್ ಹತ್ತಿದ್ದರೆ ಮಾತ್ರ ಕಾಯಬೇಡಿ.

ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಲೇಬಾರದು. ಜೋರು ಗಾಳಿ ಹೊಡೆಸಿದರೂ ಕಣ್ಣಿಗೆ ಕಾಣದ ತೂತು ಬೀಳಬಹುದು. ನನ್ನ ಪ್ರಕಾರ ಕಟ್ಟಿದ ಫಿಲ್ಟರಿಗಿಂತ ತೂತು ಬಿದ್ದದ್ದೇ ಅಪಾಯ. ಕಟ್ಟಿದ್ದು ಎಂಜಿನ್ನಿನ ಉಸಿರು ಕಟ್ಟಿಸುತ್ತದೆ ಅಷ್ಟೇ, ತೂತು ಬಿದ್ದದ್ದು ಮರಳನ್ನೇ ಒಳಗೆ ಬಿಡುತ್ತದೆ.

ಬದಲಿಸುವುದು ಬಹಳಷ್ಟು ಕಾರುಗಳಲ್ಲಿ ಐದು ನಿಮಿಷದ ಕೆಲಸ. ಎಂಜಿನ್ ಆಫ್ ಮಾಡಿ, ಫಿಲ್ಟರ್ ಇರುವ ಡಬ್ಬಿಯ ಕ್ಲಿಪ್ಪು ಅಥವಾ ಸ್ಕ್ರೂ ಬಿಚ್ಚಿ, ಹಳೆಯದನ್ನು ಹುಷಾರಾಗಿ ಎತ್ತಿ, ಡಬ್ಬಿಯನ್ನು ಒರೆಸಿ. ಹೊಸದರ ರಬ್ಬರ್ ಅಂಚು ಸುತ್ತಲೂ ಸರಿಯಾಗಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ, ಆಮೇಲೆ ಮುಚ್ಚಳ ಹಾಕಿ.