ಏಳು ದಿನದ ಶ್ರೀಲಂಕಾ: ಬ್ಯಾಗ್ ಎಷ್ಟು ಸಲ ಕಟ್ಟಬೇಕು?

ಪ್ರಶ್ನೆ: ನಾವು ಉಡುಪಿಯವರು. ಮನೆಯಿಂದ ಐದು ಜನ ಹೊರಟಿದ್ದೇವೆ. ಅತ್ತೆಗೆ 68 ವರ್ಷ, ಮಗಳಿಗೆ ಒಂಬತ್ತು. ಶ್ರೀಲಂಕಾಕ್ಕೆ ಆರು ರಾತ್ರಿ, ಏಳು ಹಗಲಿನ ಟೂರ್, ಗೈಡ್ ಸಮೇತ. ಅನುರಾಧಪುರ, ಸಿಗಿರಿಯಾ, ಪೊಲೊನ್ನರುವ, ಕ್ಯಾಂಡಿ, ನುವರ ಎಲಿಯ, ಎಲ್ಲ, ಯಾಲಾ, ಗಾಲೆ, ಕೊಲಂಬೊ ಇಷ್ಟೂ ಉಂಟಂತೆ. ಹಳೇ ಊರು, ಕಾಡುಪ್ರಾಣಿ ಎರಡನ್ನೂ ಒಂದೇ ವಾರದಲ್ಲಿ ಸರಿಯಾಗಿ ನೋಡ್ಲಿಕ್ಕೆ ಆಗ್ತದಾ?

ಉತ್ತರ: ಆಗುತ್ತದೆ. ಆದರೆ ಮೊದಲು ಈ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಬೇಕು. ಇದರಲ್ಲಿ ‘ಎಲ್ಲ’ ಎಂಬ ಊರೂ ಇದೆ, ಎಲ್ಲ ಊರೂ ಇದೆ. ತೊಂದರೆ ಅದೇ.

ದ್ವೀಪ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಸೇಂಟ್ ಮೇರಿಸ್. ಮಲ್ಪೆಯಲ್ಲಿ ಬೋಟ್ ಹತ್ತಿ, ಕಲ್ಲುಕಂಬಗಳ ಮುಂದೆ ಫೋಟೊ ತೆಗೆದು, ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಶ್ರೀಲಂಕಾ 65,610 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಸುಮಾರು ಮೂರನೇ ಒಂದು ಪಾಲು. ಮ್ಯಾಪಿನಲ್ಲಿ ಊರುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ. ರಸ್ತೆ ಮಾತ್ರ ಪೇಟೆಯೊಳಗೆ, ತೋಟದೊಳಗೆ, ಘಾಟಿಯೊಳಗೆ ನುಸುಳಿಕೊಂಡು ಹೋಗುತ್ತದೆ. ವಿಮಾನ ಇಳಿಯುವ ಕಟುನಾಯಕದಿಂದ ಸಿಗಿರಿಯಾಕ್ಕೆ ಸುಮಾರು 150 ಕಿ.ಮೀ. ಮಂಗಳೂರಿನಿಂದ ಹಾಸನಕ್ಕಿಂತ ಹತ್ತಿರ. ಆದರೂ ನಾಲ್ಕು ಗಂಟೆ ಹಿಡಿಯುತ್ತದೆ. ಕ್ಯಾಂಡಿಯಿಂದ ನುವರ ಎಲಿಯಕ್ಕೆ 80 ಕಿ.ಮೀ.ಯೂ ಇಲ್ಲ. ಆದರೆ ಚಾರ್ಮಾಡಿಯ ಹಾಗೆ ತಿರುವೋ ತಿರುವು. ಎರಡೂವರೆ, ಮೂರು ಗಂಟೆ ಬೇಕು. ವಾಂತಿ ಮಾಡುವ ಮಕ್ಕಳಿದ್ದರೆ ಇನ್ನೂ ಜಾಸ್ತಿ.

ಹಾಗಾಗಿ ಟೂರಿನವರು ಕೊಟ್ಟ ಹಾಳೆಯಲ್ಲಿ ಎಷ್ಟು ಜಾಗ ಇದೆ ಅಂತ ನೋಡುವ ಮೊದಲು ಎಷ್ಟು ಹೋಟೆಲ್ ಇದೆ ಅಂತ ಎಣಿಸಿ. ಒಂದೊಂದು ಸಲ ಬ್ಯಾಗ್ ಕಟ್ಟಿದಾಗಲೂ ಒಂದೊಂದು ಬೆಳಿಗ್ಗೆ ಹೋಯಿತು ಅಂತ ಲೆಕ್ಕ. ಅಲ್ಲಿ ನೋಡುವಂಥದ್ದನ್ನೆಲ್ಲ ಬೆಳಿಗ್ಗೆ ಹತ್ತರೊಳಗೆ ನೋಡಬೇಕು, ಇಲ್ಲಾಂದ್ರೆ ಮಧ್ಯಾಹ್ನ ಮೂರರ ಮೇಲೆ. ನಡುಹಗಲಿಗೆ ಆನೆಯೂ ನೆರಳು ಹುಡುಕಿಕೊಂಡು ಹೋಗಿರುತ್ತದೆ.

ಇದು ನಾನು ದುಡ್ಡು ಕೊಟ್ಟು ಕಲಿತದ್ದು. ಮೊದಲ ಸಲ ನಾವು ಹೋದದ್ದು ಐದು ರಾತ್ರಿಯ ಟೂರ್, ಐದು ಹೋಟೆಲ್. ಪೊಲೊನ್ನರುವ ತಲುಪಿದಾಗ ಗಂಟೆ ಒಂದು. ಅಲ್ಲಿ ವಟದಾಗೆ ಅಂತ ಒಂದು ಗುಂಡಗಿನ ಕಲ್ಲಿನ ಗುಡಿ. ಚಪ್ಪಲಿ ಬಿಟ್ಟೇ ಹತ್ತಬೇಕು, ತಲೆ ಮೇಲೆ ಟೋಪಿಯೂ ಇರಬಾರದು. ಏಪ್ರಿಲ್ ಬಿಸಿಲಿಗೆ ಹಾಸುಗಲ್ಲು ದೋಸೆ ಕಾವಲಿಯ ಹಾಗೆ ಕಾದಿತ್ತು. ಅಪ್ಪ ನಾಲ್ಕು ಹೆಜ್ಜೆ ಇಟ್ಟವರು ಒಂದು ಪಾದವನ್ನು ಇನ್ನೊಂದರ ಮೇಲಿಟ್ಟುಕೊಂಡು ಕೊಕ್ಕರೆಯ ಹಾಗೆ ನಿಂತುಬಿಟ್ಟರು. ‘ನೀನು ನೋಡಿ ಬಾ ಮಾರಾಯ, ನನಗೆ ಫೋಟೊ ಸಾಕು’ ಅಂದರು. ಅಮ್ಮ ವ್ಯಾನಿನಿಂದ ಇಳಿಯಲೇ ಇಲ್ಲ. ಅಮ್ಮನ ಪಾಲಿಗೆ ಪೊಲೊನ್ನರುವ ಅಂದರೆ ಇವತ್ತಿಗೂ ಒಂದು ಎ.ಸಿ. ವ್ಯಾನು, ಒಂದು ಪ್ಯಾಕೆಟ್ ಬಿಸ್ಕತ್ತು. ಎರಡನೇ ಸಲ ಅದೇ ಜಾಗಕ್ಕೆ ಬೆಳಿಗ್ಗೆ ಏಳೂವರೆಗೆ ಹೋದೆ. ಕಲ್ಲು ತಣ್ಣಗಿತ್ತು. ಮಂಗಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. (ದಪ್ಪ ಕಾಲುಚೀಲ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಇದು ಅಪ್ಪನಿಗೆ ಯಾರೂ ಹೇಳಿರಲಿಲ್ಲ.)

ನಿಮಗೆ ನಾನು ಹೇಳುವುದು ಮೂರೇ ಹೋಟೆಲ್. ಸಿಗಿರಿಯಾ, ಹಬರಣ ಆಸುಪಾಸಿನಲ್ಲಿ ಮೂರು ರಾತ್ರಿ. ಕ್ಯಾಂಡಿಯಲ್ಲಿ ಎರಡು. ಕಡೆಯ ರಾತ್ರಿ ವಿಮಾನ ನಿಲ್ದಾಣದ ಹತ್ತಿರ ನೆಗೊಂಬೊದಲ್ಲಿ. ಮಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇಲ್ಲ. ಬೆಂಗಳೂರು ಅಥವಾ ಚೆನ್ನೈ ಮೇಲೆ ಹೋಗಬೇಕು. ಮೊದಲ ದಿನ ಹೇಗೂ ಪ್ರಯಾಣಕ್ಕೇ ಸರಿ. ನುವರ ಎಲಿಯ, ಎಲ್ಲ, ಯಾಲಾ, ಗಾಲೆ ಇನ್ನೊಂದು ಸಲಕ್ಕೆ ಇರಲಿ. ಹತ್ತು ದಿನ ಸಿಕ್ಕಿದರೆ ಸೇರಿಸಿಕೊಳ್ಳಿ.

ಸಿಗಿರಿಯಾಕ್ಕೆ ಎರಡನೇ ದಿನ ಬೆಳಗಾಗುವಾಗಲೇ ಹೋಗಿ. ಬಯಲಿನಿಂದ ಸುಮಾರು 200 ಮೀಟರ್ ಎದ್ದು ನಿಂತ ಒಂದೇ ಬಂಡೆ. ಮೆಟ್ಟಿಲು ಸುಮಾರು 1,200. ಶ್ರವಣಬೆಳಗೊಳದ ದೊಡ್ಡ ಬೆಟ್ಟಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟು. ಅತ್ತೆಯವರಿಗೆ ಗಂಟು ನೋವಿದ್ದರೆ ಒತ್ತಾಯ ಬೇಡ. ಬಂಡೆಯ ಬುಡದಲ್ಲೇ ರಾಜ ಕಾಶ್ಯಪನ ಕಾಲದ ನೀರಿನ ತೋಟಗಳಿವೆ, ಅದು ಸಮತಟ್ಟು ಜಾಗ. ಸ್ವಲ್ಪ ಗಟ್ಟಿ ಇದ್ದರೆ ಸಿಂಹದ ಪಾದದವರೆಗೆ ಹತ್ತಿ, ಅಲ್ಲಿ ಕೂತು ಉಳಿದವರನ್ನು ಮೇಲೆ ಕಳಿಸಬಹುದು. ಹಿಂದೆ ಸಿಂಹದ ಬಾಯೊಳಗಿಂದಲೇ ಹತ್ತುವ ಹಾಗೆ ಕಟ್ಟಿದ್ದರಂತೆ. ಈಗ ಉಳಿದದ್ದು ಉಗುರು ಸಮೇತ ಎರಡು ಪಾದ ಮಾತ್ರ. ನಡುದಾರಿಯಲ್ಲಿ ಗೋಡೆಚಿತ್ರದ ಹೆಂಗಸರಿದ್ದಾರೆ. ಅಲ್ಲಿ ಫೋಟೊ ತೆಗೆಯಲು ಬಿಡುವುದಿಲ್ಲ, ಕಣ್ಣಲ್ಲೇ ತುಂಬಿಕೊಳ್ಳಿ. ದಾರಿಯಲ್ಲಿ ಕೆಲವರು ಸುಮ್ನೆ ಬಂದು ವಯಸ್ಸಾದವರ ಕೈ ಹಿಡಿದು ಹತ್ತಿಸುತ್ತಾರೆ. ಕಡೆಗೆ ದುಡ್ಡು ಕೇಳುತ್ತಾರೆ. ಬೇಕಿದ್ದರೆ ಮೊದಲೇ ಮಾತಾಡಿಕೊಳ್ಳಿ.

ಈ ಬಂಡೆಯ ಕತೆಯನ್ನು ಮಗಳಿಗೆ ವ್ಯಾನಿನಲ್ಲೇ ಹೇಳಿಬಿಡಿ. ಧಾತುಸೇನ ಎಂಬ ರಾಜ ಕಲಾ ವೆವ ಅಂತ ದೊಡ್ಡ ಕೆರೆ ಕಟ್ಟಿಸಿದ್ದ. ಮಗ ಕಾಶ್ಯಪ ಪಟ್ಟ ಕಿತ್ತುಕೊಂಡು, ನಿಧಿ ಎಲ್ಲಿಟ್ಟಿದ್ದೀಯ ಅಂತ ಅಪ್ಪನನ್ನೇ ಹಿಡಿದು ಕೇಳಿದ. ಮುದುಕ ಮಗನ ಕಡೆಯವರನ್ನು ಕೆರೆಗೆ ಕರೆದುಕೊಂಡು ಹೋಗಿ, ಬೊಗಸೆಯಲ್ಲಿ ನೀರೆತ್ತಿ, ನನ್ನ ಆಸ್ತಿ ಇಷ್ಟೇ ಅಂದನಂತೆ. ಕಾಶ್ಯಪ ಅಪ್ಪನನ್ನು ಕೊಲ್ಲಿಸಿದ. ಆಮೇಲೆ ತಮ್ಮ ಮೊಗ್ಗಲ್ಲಾನನ ಹೆದರಿಕೆಗೆ ಈ ಬಂಡೆ ಹತ್ತಿ ಕೂತ. ಆಳಿದ್ದು 477ರಿಂದ 495ರವರೆಗೆ.

ಕೆರೆಯ ವಿಷಯ ಯಾಕೆ ತೆಗೆದೆ ಅಂದರೆ, ನೀವು ಕೇಳಿದ ಹಳೇ ಊರು ಮತ್ತು ಕಾಡುಪ್ರಾಣಿ ಎರಡೂ ಸೇರುವುದು ಕೆರೆಯಲ್ಲೇ. ಅಲ್ಲಿ ಕೆರೆಗೆ ‘ವೆವ’ ಅನ್ನುತ್ತಾರೆ. ಸಿಗಿರಿಯಾದಿಂದ ಗಂಟೆಯೊಳಗಿನ ದಾರಿಯಲ್ಲಿ ಮಿನ್ನೇರಿಯಾ ಇದೆ. ಆ ಕೆರೆ ಕಟ್ಟಿಸಿದವನು ಮಹಾಸೇನ, ಮೂರನೇ ಶತಮಾನದ ಕೊನೆಭಾಗದಲ್ಲಿ ಆಳಿದ ರಾಜ. ಊರವರು ಅವನನ್ನು ಮಿನ್ನೇರಿ ದೇವರು ಅಂತ ಈಗಲೂ ಪೂಜಿಸುತ್ತಾರೆ. ನಮ್ಮ ಕಾರ್ಕಳದ ಆನೆಕೆರೆಯಲ್ಲಿ ಆನೆ ಉಳಿದಿರುವುದು ಹೆಸರಲ್ಲಿ ಮಾತ್ರ. ಇಲ್ಲಿ ನಿಜವಾಗಿಯೂ ಇವೆ. ಜುಲೈನಿಂದ ಅಕ್ಟೋಬರ್‌ವರೆಗೆ ಆ ಕಡೆ ಒಣಹವೆ. ಕೆರೆ ನೀರು ಇಳಿಯುತ್ತದೆ, ಇಳಿದ ಅಂಗಳದಲ್ಲಿ ಎಳೆಹುಲ್ಲು ಏಳುತ್ತದೆ. ಆ ಹುಲ್ಲಿಗೆ ಸುತ್ತಲ ಕಾಡಿನ ಆನೆಗಳೆಲ್ಲ ಬರುತ್ತವೆ. ಒಂದೇ ಸಂಜೆ ನೂರು ದಾಟುವುದೂ ಉಂಟು.

ನಮ್ಮ ಜೀಪಿನಿಂದ ಹತ್ತು ಮಾರು ದೂರದಲ್ಲಿ ಒಂದು ಆನೆ ಮೇಯುತ್ತಿತ್ತು. ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡವನ್ನು ಟಕ್ ಟಕ್ ಅಂತ ಒದ್ದು ಸಡಿಲ ಮಾಡುತ್ತದೆ. ಸೊಂಡಿಲಿನಿಂದ ಕಂತೆ ಎತ್ತುತ್ತದೆ. ಬಾಯಿಗೆ ಹಾಕುವ ಮೊದಲು ಮೊಣಕಾಲಿಗೆ ಎರಡು ಸಲ ಬಡಿದು ಮಣ್ಣು ಕೊಡವುತ್ತದೆ. ಅಮ್ಮ ಬಸಳೆ ಸೊಪ್ಪು ಕೊಡವುವ ಹಾಗೇ. ಜೀಪಿನಲ್ಲಿದ್ದ ಹುಡುಗನೊಬ್ಬ ‘ಇದೆಲ್ಲ ಹೆಣ್ಣಾನೆಯಾ?’ ಅಂತ ಕೇಳಿದ. ನಾಗರಹೊಳೆ ನೋಡಿದ ಕಣ್ಣಿಗೆ ಹಾಗನ್ನಿಸುವುದು ಸಹಜ. ಲಂಕೆಯ ಗಂಡಾನೆಗಳಲ್ಲಿ ಹತ್ತಕ್ಕೆ ಒಂದಕ್ಕೂ ದಂತ ಇರುವುದಿಲ್ಲ. 2011ರ ಗಣತಿಯಲ್ಲಿ ಇಡೀ ದ್ವೀಪದಲ್ಲಿ 5,879 ಆನೆ ಸಿಕ್ಕಿದ್ದವು.

ಇಲ್ಲೊಂದು ಕಿವಿಮಾತು. ಟೂರಿನ ಹಾಳೆಯಲ್ಲಿ ‘ಮಿನ್ನೇರಿಯಾ ಸಫಾರಿ’ ಅಂತ ಗಟ್ಟಿಯಾಗಿ ಬರೆಸಿಕೊಳ್ಳಬೇಡಿ. ಕೆರೆ ತುಂಬಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಆನೆಯೂ ಇಲ್ಲ. ಅವು ಪಕ್ಕದ ಕೌಡುಲ್ಲಾಕ್ಕೋ ಹುರುಲು ಕಾಡಿಗೋ ಹೋಗಿರುತ್ತವೆ. ಹಬರಣದ ಜೀಪಿನವರಿಗೆ ಇವತ್ತು ಎಲ್ಲಿವೆ ಅಂತ ಗೊತ್ತಿರುತ್ತದೆ. ‘ಹಬರಣದಲ್ಲಿ ಒಂದು ಸಂಜೆ ಜೀಪ್, ಯಾವ ಕಾಡು ಅಂತ ಆ ದಿನ ತೀರ್ಮಾನ’ ಅಂತ ಬರೆಸಿ.

ಚಿರತೆ ಬೇಕೇ ಬೇಕು ಅಂದರೆ ಲೆಕ್ಕ ಬೇರೆ. ಶ್ರೀಲಂಕಾದಲ್ಲಿ ಹುಲಿ ಇಲ್ಲ. ಸಿಂಹ ಬಾವುಟದಲ್ಲಿ ಮಾತ್ರ. ಚಿರತೆಯೇ ಅಲ್ಲಿಯ ಯಜಮಾನ, ಹಗಲಲ್ಲೂ ದಾರಿಗೆ ಬಂದು ಮಲಗುತ್ತದೆ. ನಮ್ಮಲ್ಲಿ ಹುಲಿಗೆ ಹೆದರಿ ಮರ ಹತ್ತುವ ಪ್ರಾಣಿ ಅದು. ಯಾಲಾ ಆಗ್ನೇಯ ಮೂಲೆಯಲ್ಲಿದೆ. ಕ್ಯಾಂಡಿಯಿಂದ ಹೋಗಲು ಒಂದು ಪೂರ್ತಿ ಹಗಲು ಬೇಕು. ಚಿರತೆ ಕಂಡಿತು ಅಂತ ಸುದ್ದಿ ಬಂದರೆ ಇಪ್ಪತ್ತು, ಮೂವತ್ತು ಜೀಪು ಒಂದೇ ಕಡೆ ನುಗ್ಗುತ್ತವೆ. ನನಗೆ ಅದು ಹಿಡಿಸಲಿಲ್ಲ. ವಾಯವ್ಯದ ವಿಲ್ಪತ್ತು ದೊಡ್ಡ ಕಾಡು, 1,300 ಚದರ ಕಿ.ಮೀ. ದಾಟುತ್ತದೆ. ಗದ್ದಲ ಕಡಿಮೆ, ಕಾಣುವ ಖಾತ್ರಿಯೂ ಕಡಿಮೆ. ಅನುರಾಧಪುರಕ್ಕೆ ಹತ್ತಿರ. ಇನ್ನು ಪಿನ್ನವಾಲದ ಆನೆ ಅನಾಥಾಲಯವನ್ನು ಹೆಚ್ಚಿನ ಟೂರಿನವರು ದಾರಿಯಲ್ಲಿ ಸೇರಿಸುತ್ತಾರೆ. ಸಕ್ಕರೆಬೈಲು ನೋಡಿದವರು ಬಿಟ್ಟರೂ ನಷ್ಟವಿಲ್ಲ.

ಹೋಗುವ ತಿಂಗಳು ಹೇಳಿಲ್ಲ ನೀವು. ಮಗಳ ಶಾಲೆ ಇದೆಯಲ್ವಾ, ಹಾಗಾಗಿ ಏಪ್ರಿಲ್, ದಸರಾ ಅಥವಾ ಕ್ರಿಸ್‌ಮಸ್ ರಜೆ ಅಂದುಕೊಳ್ಳುತ್ತೇನೆ. ಏಪ್ರಿಲ್ 13, 14ಕ್ಕೆ ಅವರ ಹೊಸ ವರ್ಷ, ನಮ್ಮ ಬಿಸುವಿನ ಹೊತ್ತಿಗೇ. ಅಂಗಡಿ ಮುಚ್ಚಿರುತ್ತದೆ, ಗೈಡ್ ಊರಿಗೆ ಹೋಗಿರುತ್ತಾರೆ, ನುವರ ಎಲಿಯದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ವಾರ ಬಿಟ್ಟು ಹೋಗಿ. ದಸರಾ ರಜೆ ಒಳ್ಳೆಯದು, ಕೆರೆಯ ಆನೆಗಳು ಇನ್ನೂ ಸಿಗಬಹುದು. ಆದರೆ ಯಾಲಾದ ಮುಖ್ಯ ಭಾಗವನ್ನು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತಾರೆ, ಕೇಳಿಕೊಳ್ಳಿ. ಡಿಸೆಂಬರ್‌ನಲ್ಲಿ ಸಿಗಿರಿಯಾ ಕಡೆ ಈಶಾನ್ಯ ಮಳೆ. ಆಗ ದಕ್ಷಿಣದ ಕರಾವಳಿ ಚೆಂದ. ಮೇ ಕೊನೆಯಿಂದ ಅಲ್ಲಿಯ ನೈರುತ್ಯ ಭಾಗಕ್ಕೆ ಬರುವುದು ನಮ್ಮದೇ ಮಳೆ. ಗುಡ್ಡ ಕುಸಿದರೆ ಬೆಟ್ಟದ ರೈಲೂ ನಿಲ್ಲುತ್ತದೆ. ಶಿರಾಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೈಡ್ ವಿಷಯ. ನಿಮ್ಮ ಜೊತೆ ವಾರವಿಡೀ ಇರುವವರು ಬರೀ ಡ್ರೈವರಾ, ಡ್ರೈವರ್ ಕಮ್ ಗೈಡಾ ಅಂತ ಮೊದಲೇ ಕೇಳಿ. ಅಲ್ಲಿಯ ಪ್ರವಾಸೋದ್ಯಮ ಪ್ರಾಧಿಕಾರ ಗೈಡ್‌ಗಳಿಗೆ ಲೈಸೆನ್ಸ್ ಕೊಡುತ್ತದೆ. ಕಾರ್ಡ್ ಇದೆಯಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಪೊಲೊನ್ನರುವದಲ್ಲಿ ಒಳ್ಳೆಯ ಗೈಡ್ ಇದ್ದರೆ ಕೊಟ್ಟ ದುಡ್ಡು ಸಾರ್ಥಕ. ಗಲ್ ವಿಹಾರದಲ್ಲಿ ಮಲಗಿದ 14 ಮೀಟರ್ ಉದ್ದದ ಬುದ್ಧನನ್ನು ಯಾರೂ ತೋರಿಸಬೇಕಾಗಿಲ್ಲ. ಆದರೆ ಅವನ ತಲೆದಿಂಬು ತಲೆಯ ಭಾರಕ್ಕೆ ಸ್ವಲ್ಪ ಕುಗ್ಗಿದ ಹಾಗೆ ಕೆತ್ತಿದ್ದಾರಲ್ಲ, ಅದು ಹೇಳಿದರೆ ಮಾತ್ರ ಕಾಣುತ್ತದೆ. ಅದೇ ಊರಲ್ಲಿ ಚೋಳರು ಕಟ್ಟಿದ ಶಿವನ ಗುಡಿಯೂ ಇದೆ. ನಮ್ಮ ಕದ್ರಿಯಲ್ಲಿ ಮಂಜುನಾಥನ ಗುಡಿಯಲ್ಲೇ 10ನೇ ಶತಮಾನದ ಲೋಕೇಶ್ವರನ ಕಂಚಿನ ಮೂರ್ತಿ ಇರುವ ಹಾಗೆ.

ದಂಬುಲ್ಲಾದಿಂದ ಕ್ಯಾಂಡಿಗೆ ಹೋಗುವಾಗ ಮಾತಲೆ ಹತ್ತಿರ ‘ಮಸಾಲೆ ತೋಟ’ ಅಂತ ವ್ಯಾನ್ ನಿಲ್ಲುತ್ತದೆ. ಕಾಳುಮೆಣಸು, ಕೊಕ್ಕೊ, ಜಾಯಿಕಾಯಿ ತೋರಿಸಿ, ಕಡೆಗೆ ಎಣ್ಣೆ ಮಾರುತ್ತಾರೆ. ಮನೆಯ ಹಿತ್ತಲಲ್ಲಿ ಇವೆಲ್ಲ ಇರುವ ನಮಗೆ ಯಾಕೆ? ಹರಳಿನ ಅಂಗಡಿಯದ್ದೂ ಇದೇ ಕತೆ. ಬೇಡ ಅಂತ ಮೊದಲ ದಿನವೇ ನಗುತ್ತಾ ಹೇಳಿಬಿಡಿ. ಉಳಿದ ಹೊತ್ತನ್ನು ಕ್ಯಾಂಡಿಯ ದಳದಾ ಮಾಳಿಗಾವದ ಸಂಜೆ ಪೂಜೆಗೆ ಇಟ್ಟುಕೊಳ್ಳಿ. ಬುದ್ಧನ ಹಲ್ಲನ್ನು ಇಟ್ಟಿರುವ ಗುಡಿ ಅದು. ಭುಜ, ಮೊಣಕಾಲು ಮುಚ್ಚಿರಬೇಕು. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬಾರದು. ಮರುದಿನ ಪೇರಾದೆನಿಯಾದ ಸಸ್ಯತೋಟ, ಅತ್ತೆಯವರಿಗೆ ಖಂಡಿತ ಇಷ್ಟವಾಗುತ್ತದೆ.

ಟಿಕೆಟ್ ಸೇರಿದೆಯಾ, ಜೀಪು ನಿಮಗೊಬ್ಬರಿಗೇನಾ ಅಂತಲೂ ಕೇಳಿ. ಸಿಗಿರಿಯಾ, ಪೊಲೊನ್ನರುವದಲ್ಲಿ ಭಾರತವೂ ಸೇರಿ ಸಾರ್ಕ್ ದೇಶದವರಿಗೆ ಟಿಕೆಟ್ ಕಡಿಮೆ. ಪಾಸ್‌ಪೋರ್ಟ್ ತೋರಿಸಬೇಕು, ಹೋಟೆಲಲ್ಲಿ ಬಿಟ್ಟು ಹೋಗಬೇಡಿ. ಪ್ರವೇಶದ ಆನ್‌ಲೈನ್ ಅನುಮತಿಯನ್ನು ಸರಕಾರಿ ತಾಣದಲ್ಲೇ ಮಾಡಿಸಿ.

ಕಡೆಗೆ ಊಟ. ಅತ್ತೆಯವರು ಸಸ್ಯಾಹಾರಿಯಾದರೆ ಹೆದರಬೇಕಾಗಿಲ್ಲ. ಅನ್ನ ನಮ್ಮ ಕುಚ್ಚಲಕ್ಕಿಯ ಹಾಗೇ ಕೆಂಪು, ದಪ್ಪ. ಗುಜ್ಜೆ ಪಲ್ಯಕ್ಕೆ ‘ಪೊಲೊಸ್’ ಅನ್ನುತ್ತಾರೆ, ಜೀಗುಜ್ಜೆಯೂ ಸಿಗುತ್ತದೆ. ‘ಇಂದಿ ಆಪ್ಪ’ ಅಂದರೆ ನಮ್ಮ ಸೇಮಿಗೆಯೇ. ರಸ್ತೆ ಬದಿಯಲ್ಲಿ ಮಾರುವ ಹಳದಿ ಬೊಂಡ ನಮ್ಮ ಗೆಂದಾಳಿ. ಮೋಸ ಹೋಗುವುದು ಒಂದೇ ಕಡೆ, ಕಾಯಿ ಚಟ್ನಿಯ ಹಾಗೆ ಕಾಣುವ ಪೊಲ್ ಸಂಬೋಲದಲ್ಲಿ. ಅಮ್ಮ ಎರಡು ದಿನ ಅದನ್ನು ಹಾಕಿಸಿ ಹಾಕಿಸಿ ತಿಂದರು, ಒಳ್ಳೆ ರುಚಿ ಉಂಟು ಅಂತ ಹೊಗಳಿದರು. ಮೂರನೇ ದಿನ ಗೊತ್ತಾಯಿತು, ಅದರಲ್ಲಿ ‘ಉಂಬಲಕಡ’ ಅಂತ ಒಣಮೀನಿನ ಪುಡಿ ಹಾಕುತ್ತಾರೆ ಅಂತ. ‘ಉಂಬಲಕಡ ಎಪಾ’ ಅಂದರೆ ಅದು ಬೇಡ ಅಂತ ಅರ್ಥ. ಅತ್ತೆಯವರಿಗೆ ಈ ಎರಡು ಶಬ್ದ ವಿಮಾನ ಹತ್ತುವ ಮೊದಲೇ ಬಾಯಿಪಾಠ ಮಾಡಿಸಿ.